ಓದಲೇಬೇಕಿಲ್ಲದ ಓದುಗರು



ವಿಶ್ವವಿದ್ಯಾಲಯದಲ್ಲಿ ಬರೆಯುವ ಪ್ರತಿಯೊಂದು ಪುಟಕ್ಕೂ ಓದುಗರು ಮೊದಲೇ ಗೊತ್ತಾಗಿರುತ್ತಾರೆ. ಉತ್ತರ ಪತ್ರಿಕೆಯನ್ನು ಮೌಲ್ಯಮಾಪಕರು, ಕಿರುಪ್ರಬಂಧವನ್ನು ಮಾರ್ಗದರ್ಶಕರು, ಮಹಾಪ್ರಬಂಧವನ್ನು ಹೊರಗಿನ ಪರೀಕ್ಷಕರು ಓದಲೇಬೇಕು. ಓದುವುದು ಅವರ ಕರ್ತವ್ಯವಾದ್ದರಿಂದ ಎಷ್ಟೇ ಬೇಸರ ಬಂದರೂ ಕೊನೆಯ ಪುಟ ಮುಟ್ಟದೆ ಅವರಿಗೆ ಬಿಡುಗಡೆಯಿಲ್ಲ. ಇಂಥವರಿಗಾಗಿಯೇ ವರ್ಷಗಟ್ಟಲೆ ಬರೆದು ಪಳಗಿದ ಕೈ ಪತ್ರಿಕೆಗೆ ಬರೆಯಲು ಹೊರಟಾಗ ಮೊದಲ ಸಲ ಓದುವ ಬಾಧ್ಯತೆಯೇ ಇಲ್ಲದ ಓದುಗರನ್ನು ಎದುರಿಸಬೇಕಾಗುತ್ತದೆ. ಕ್ಷೌರದಂಗಡಿಯ ಬೆಂಚಿನ ಮೇಲೆ ಸರದಿ ಕಾಯುತ್ತ ವಾರಪತ್ರಿಕೆ ತಿರುವಿಹಾಕುವವರು ಮೂರನೆಯ ಸಾಲಿಗೆ ಆಕಳಿಸಿದರೆ ನೇರ ಪದಬಂಧದ ಪುಟಕ್ಕೆ ಹೋಗುತ್ತಾರೆ. ಅವರನ್ನು ಹಿಡಿದು ನಿಲ್ಲಿಸಲು ಹಾಜರಾತಿಯ ನಿಯಮವಿಲ್ಲ. ಕಥೆ, ಲೇಖನಗಳ ಬರವಣಿಗೆಯನ್ನು ಕಲಿಯುವುದೆಂದರೆ ಬಹುಮಟ್ಟಿಗೆ ಈ ಓದುಗರ ಮುಂದೆ ಕೂರುವುದನ್ನು ಕಲಿಯುವುದು.

ಕನ್ನಡದಲ್ಲಿ ಈ ಕಲಿಕೆಯ ಶಾಲೆಯಾಗಿದ್ದದ್ದು ಪತ್ರಿಕೆಗಳೇ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದ ‘ಮಂಗಳೂರ ಸಮಾಚಾರ’ ಎಂಬ ಪಾಕ್ಷಿಕದಿಂದ ಕನ್ನಡ ಪತ್ರಿಕೆಗಳ ಇತಿಹಾಸ ಆರಂಭವಾಗುತ್ತದೆ. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಅದೇ ಊರಿನ ‘ಸುವಾಸಿನಿ’ಯಲ್ಲಿ ಪಂಜೆ ಮಂಗೇಶರಾಯರ ಕಥೆಗಳು ಬಂದವು, ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಕೆಲವು ಸಣ್ಣ ಕಥೆಗಳು’ 1920ರಲ್ಲಿ ಪುಸ್ತಕವಾಗುವ ಹೊತ್ತಿಗೆ ಸಣ್ಣಕಥೆ ಕನ್ನಡದ್ದೇ ಆಗಿ ಬೇರುಬಿಟ್ಟಿತ್ತು. ಆ ಮಾಸ್ತಿಯವರೇ 1944ರಿಂದ ಸುಮಾರು ಎರಡು ದಶಕ ‘ಜೀವನ’ ಮಾಸಪತ್ರಿಕೆಯ ಸಂಪಾದಕರಾಗಿ ಇತರರ ಬರಹಗಳನ್ನು ಆರಿಸುವ, ತಿದ್ದುವ ಕೆಲಸಕ್ಕೆ ಕುಳಿತರು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ಯನ್ನು ದೀರ್ಘಕಾಲ ನಡೆಸಿದ ಪಾ. ವೆಂ. ಆಚಾರ್ಯರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಪದಗಳ ಮೂಲವನ್ನು ಬಗೆದು ತೋರಿಸುವ ಅವರ ‘ಪದಾರ್ಥ ಚಿಂತಾಮಣಿ’ಯನ್ನು ಮಾತ್ರ ಕನ್ನಡ ಎಂ.ಎ. ವಿದ್ಯಾರ್ಥಿಗಳೂ ಇಂದಿಗೂ ಹುಡುಕಿ ಓದುತ್ತಾರೆ. ಘಟಿಕೋತ್ಸವದ ವೇದಿಕೆಯ ಮೇಲೆ ಈ ಮಾತು ಕೊಂಚ ಇರುಸುಮುರುಸು ತಂದರೆ ತರಲಿ.

ಪತ್ರಿಕೆಯವರು ‘ನುಡಿಚಿತ್ರ’ ಎಂದು ಕರೆಯುವ ಬರಹದ ಬಗೆಯನ್ನು ಇಲ್ಲಿ ತುಸು ಹತ್ತಿರದಿಂದ ನೋಡಬಹುದು. ನುಡಿಚಿತ್ರವೆಂದರೆ ನಡೆದದ್ದನ್ನು ಅಂದೇ ತಿಳಿಸುವ ಸುದ್ದಿಯೂ ಅಲ್ಲ, ಲೇಖಕರ ಲಹರಿಯನ್ನೇ ನೆಚ್ಚಿದ ಲಲಿತ ಪ್ರಬಂಧವೂ ಅಲ್ಲ. ಒಂದು ಸ್ಥಳ, ಕಸುಬು ಅಥವಾ ವ್ಯಕ್ತಿಯ ಬಗ್ಗೆ ಓಡಾಡಿ, ಕೇಳಿ, ಅಳೆದು ತಂದ ವಿವರಗಳನ್ನು ಓದುಗರ ಕಣ್ಣಿಗೆ ಕಟ್ಟುವಂತೆ ಜೋಡಿಸಿದ ಲೇಖನ. ಊರಿನ ಕೆರೆಯ ಮೇಲೆ ಬರೆಯಲು ಕುಳಿತ ಹೊಸ ಲೇಖಕರು ಸಾಮಾನ್ಯವಾಗಿ ಮಾಡುವುದೇನೆಂದರೆ, ಪ್ರಾಚೀನ ಕಾಲದಿಂದಲೂ ಕೆರೆಗಳು ನಮ್ಮ ಸಂಸ್ಕೃತಿಯ ಅವಿಭಾಜ್ಯ ಅಂಗವಾಗಿವೆ ಎಂಬ ಸಾಲಿನಿಂದ ತೊಡಗಿ, ನೀರಿನ ಮಹತ್ವವನ್ನು ಒಂದು ಪುಟ ಹೇಳಿ, ತಮ್ಮೂರಿನ ಕೆರೆಯ ಬಳಿ ಬರುವಷ್ಟರಲ್ಲಿ ಪದಮಿತಿ ಮುಗಿಸಿಬಿಡುವುದು. ಆ ಮೊದಲ ಸಾಲು ನಾಡಿನ ಯಾವ ಕೆರೆಗೂ ಹೊಂದುತ್ತದೆ, ಆದ್ದರಿಂದಲೇ ಯಾವ ಕೆರೆಯದೂ ಅಲ್ಲ. ಕೆಲವೇ ಕ್ಷಣಗಳಲ್ಲಿ ಲೇಖನ ಹೊಸೆದುಕೊಡುವ ಈಗಿನ ಯಂತ್ರಗಳಿಗೆ ಇಂಥ ಸಾಲುಗಳು ಬಾಯಿಪಾಠವಾಗಿರುವುದರಿಂದ ಮನುಷ್ಯರು ಅವನ್ನು ಬರೆಯಲು ಶ್ರಮಪಡುವ ಅಗತ್ಯವೂ ಉಳಿದಿಲ್ಲ.

ಅದೇ ಲೇಖಕರು ಒಂದು ಬೆಳಿಗ್ಗೆ ಕೆರೆಯ ಏರಿಯ ಮೇಲೆ ನಡೆದುಹೋದರೆ ಬೇರೆಯದೇ ಲೇಖನ ಸಿಗುತ್ತದೆ. ನೀರು ಬಿಡುವ ತೂಬು ಎಲ್ಲಿದೆ, ಹೆಚ್ಚಾದ ನೀರು ಹರಿದುಹೋಗುವ ಕೋಡಿ ಕಡೆಯ ಸಲ ಬಿದ್ದದ್ದು ಯಾವ ವರ್ಷ, ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆಯ ನೀರುಣ್ಣುವ ಗದ್ದೆಬಯಲಿನಲ್ಲಿ, ಮೊದಲು ನೀರು ಸಿಗುತ್ತಿದ್ದದ್ದು ಯಾರಿಗೆ, ಕಡೆಯ ಗದ್ದೆಯವರು ಎಷ್ಟು ದಿನ ಕಾಯಬೇಕಿತ್ತು ಎಂಬ ಪ್ರಶ್ನೆಗಳನ್ನು ಹಿಡಿದು ಹೊರಟವರು ಕೊನೆಗೆ ನೀರಗಂಟಿಯ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಹಾಯಿಸುವ ಹೊಣೆ ಹೊತ್ತು, ಸುಗ್ಗಿಯಲ್ಲಿ ರೈತರಿಂದ ಧಾನ್ಯದ ರೂಪದಲ್ಲಿ ಪ್ರತಿಫಲ ಪಡೆಯುತ್ತಿದ್ದ ಆತನಿಗೆ ಈಗ ಏನು ಕೆಲಸ, ಆತನ ಮಕ್ಕಳಿಗೆ ತೂಬಿನ ಲೆಕ್ಕ ಗೊತ್ತೇ ಎಂಬಲ್ಲಿಗೆ ಲೇಖನ ತಾನಾಗಿ ತಲುಪುತ್ತದೆ. ಕೆರೆಗೂ ಊರಿನ ಜಾತಿ, ಜಮೀನು, ಜಗಳಗಳಿಗೂ ಇರುವ ನಂಟು ಆ ಸರದಿಯ ಪಟ್ಟಿಯಲ್ಲೇ ಬಿಚ್ಚಿಕೊಳ್ಳುವುದರಿಂದ ಸಂಸ್ಕೃತಿ ಎಂಬ ಪದವನ್ನು ಒಮ್ಮೆಯೂ ಬಳಸಬೇಕಾಗುವುದಿಲ್ಲ.

ಇಂಥ ಬರವಣಿಗೆಯನ್ನು ಕಲಿಸಬಹುದು ಎಂಬುದಕ್ಕೆ ದಕ್ಷಿಣ ಕನ್ನಡದ ಪುತ್ತೂರಿನ ‘ಅಡಿಕೆ ಪತ್ರಿಕೆ’ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅಡಿಕೆ ಬೆಳೆಗಾರರ ಸಂಘಟನೆಯ ಮುತುವರ್ಜಿಯಿಂದ 1988ರಲ್ಲಿ ಆರಂಭವಾಗಿ, ಕೃಷಿಕರೂ ಪತ್ರಕರ್ತರೂ ಆದ ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ ಬೆಳೆದ ಈ ಮಾಸಪತ್ರಿಕೆ, ‘ಕೃಷಿಕರ ಕೈಗೆ ಲೇಖನಿ’ ಎಂಬ ಧ್ಯೇಯವನ್ನು ಇಟ್ಟುಕೊಂಡು ತೋಟದಲ್ಲಿ ದುಡಿಯುವವರಿಗೇ ಬರೆಯುವ ತರಬೇತಿ ಕೊಟ್ಟಿತು. ಕೃಷಿಕರು ಕೃಷಿಕರಿಗಾಗಿ ಬರೆಯುವಾಗ ಲೇಖನದ ಸತ್ಯಾಸತ್ಯತೆಯ ಪರೀಕ್ಷೆ ಸಂಪಾದಕರ ಮೇಜಿನಲ್ಲಿ ಮುಗಿಯುವುದಿಲ್ಲ. ಗಿಡದಿಂದ ಗಿಡಕ್ಕೆ ಬಿಡಬೇಕಾದ ಅಂತರವನ್ನೋ ಗೊಬ್ಬರದ ಪ್ರಮಾಣವನ್ನೋ ತಪ್ಪಾಗಿ ಬರೆದರೆ ಅದನ್ನು ನಂಬಿದ ಇನ್ನೊಬ್ಬರ ತೋಟದಲ್ಲಿ ಆ ತಪ್ಪು ಬೆಳೆದು ನಿಲ್ಲುತ್ತದೆ. ಪರೀಕ್ಷೆಯಲ್ಲಾದರೆ ಅದಕ್ಕೆ ಒಂದೆರಡು ಅಂಕ ಹೋಗುತ್ತಿತ್ತು, ಅಷ್ಟೆ.

ಲೇಖನವೂ ಕಥೆಯೂ ಎರಡು ಬೇರೆ ಕುಲದವು ಎಂಬ ಭಾವನೆ ಸಾಹಿತ್ಯದ ತರಗತಿಗಳಲ್ಲಿ ಬಲವಾಗಿದ್ದರೂ ಕನ್ನಡದ ಅನುಭವ ಹಾಗೆ ಹೇಳುವುದಿಲ್ಲ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ್ದ ಸಾರಾ ಅಬೂಬಕ್ಕರ್ ಅವರು 1981ರಲ್ಲಿ ‘ಲಂಕೇಶ್ ಪತ್ರಿಕೆ’ಗೆ ಮೊದಲು ಬರೆದದ್ದು ಕೋಮು ಸೌಹಾರ್ದದ ಕುರಿತ ಲೇಖನವನ್ನು, ತಮಗೆ ಗೊತ್ತಿರುವ ಬದುಕನ್ನೇ ಬರೆಯುವಂತೆ ಪಿ. ಲಂಕೇಶರು ಒತ್ತಾಯಿಸಿದ ಮೇಲೆ ಅದೇ ಪತ್ರಿಕೆಯಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಧಾರಾವಾಹಿಯಾಗಿ, ಅಂದರೆ ಸಂಚಿಕೆಯಿಂದ ಸಂಚಿಕೆಗೆ ಮುಂದುವರಿಯುವ ಕಂತುಗಳಲ್ಲಿ, ಬಂದಿತು. ಎಂಬತ್ತರ ದಶಕದಲ್ಲಿ ಅದೇ ಪತ್ರಿಕೆಗೆ ವರದಿಗಾರ್ತಿಯಾಗಿದ್ದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಈ ಇಬ್ಬರ ಕಥನದಲ್ಲೂ ತಲಾಖು, ಮಸೀದಿ, ಅಡುಗೆಮನೆ, ಕೋರ್ಟುಗಳ ವಿವರ ಪಕ್ಕಾ ಇರುವುದಕ್ಕೆ ಲೇಖನ ಬರೆದ ಅಭ್ಯಾಸವೂ ಒಂದು ಕಾರಣವೆಂದು ಊಹಿಸಿದರೆ ತಪ್ಪಾಗಲಾರದು. ಕಥೆಗಾರರಿಗೆ ವಿವರವನ್ನು ಮುಚ್ಚಿಡುವ ಸ್ವಾತಂತ್ರ್ಯವಿದೆ, ಅದನ್ನು ತಿಳಿಯದೆ ಇರುವ ಸ್ವಾತಂತ್ರ್ಯವಿಲ್ಲ.

ಬರೆದದ್ದನ್ನು ಕಳಿಸುವ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಇಟ್ಟು ಕಳಿಸುತ್ತಿದ್ದ ಕಾಲ ಹೋಗಿ ಇಮೇಲ್ ಬಂದಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಿಂದ ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಸ್ಥಳ ತಪ್ಪುವುದುಂಟಾದ್ದರಿಂದ ಕಳಿಸುವ ಮುನ್ನ ಇನ್ನೊಮ್ಮೆ ಓದುವುದು ಲೇಸು. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳಿಸಬಾರದು, ಏಕೆಂದರೆ ಎರಡರಲ್ಲೂ ಅಚ್ಚಾದರೆ ಮುಂದೆ ಎರಡರ ಬಾಗಿಲೂ ಮುಚ್ಚುತ್ತದೆ. ವಿಷಾದಪತ್ರವೂ ಬಾರದೆ ತಿಂಗಳುಗಟ್ಟಲೆ ಮೌನವೇ ಉತ್ತರವಾಗುವುದು ಈಗಿನ ರೂಢಿ. ಇದು ಪತ್ರಿಕೆಗಳಿಗೆ ಶೋಭೆ ತರುವ ಸಂಗತಿಯಲ್ಲ. ಸಂಭಾವನೆಯಿಂದ ಜೀವನ ಸಾಗುವ ಸ್ಥಿತಿ ಕನ್ನಡದಲ್ಲಿ ಬೆರಳೆಣಿಕೆಯವರನ್ನು ಬಿಟ್ಟರೆ ಯಾರಿಗೂ ಇಲ್ಲ ಎಂಬುದನ್ನೂ ಪದವೀಧರರು ತಿಳಿದೇ ಈ ಕೆಲಸಕ್ಕೆ ಇಳಿಯಬೇಕು.

ಸಭಾಂಗಣದಲ್ಲಿರುವ ಬಹಳಷ್ಟು ಸ್ನಾತಕರು ಇನ್ನೊಂದು ವಾರದಲ್ಲಿ ಪ್ರಮಾಣಪತ್ರ ಹಿಡಿದು ತಮ್ಮ ತಮ್ಮ ಊರುಗಳಿಗೆ ಮರಳಲಿದ್ದಾರೆ. ಕೆರೆಯಿರುವ ಊರಿನವರು ತಮ್ಮ ನೀರಗಂಟಿಯ ಹೆಸರನ್ನು, ಆತ ಇಲ್ಲವಾಗಿದ್ದರೆ ಕಡೆಯ ಸಲ ತೂಬು ಎತ್ತಿದವರ ಹೆಸರನ್ನು, ನೆನಪಿರುವ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕೆಂದು ವಿನಂತಿ.