ಹೆಸರು ಬೇವಿನದು, ಹುಳಿ ಹುಣಸೆಯದು

ಯುಗಾದಿಯ ದಿನ ಬಸವಕಲ್ಯಾಣ, ಹುಮನಾಬಾದ್ ಕಡೆ ಯಾರ ಮನೆಗೆ ಹೋದರೂ ‘ಬರ್ರಿ, ಬೇವು ಕುಡೀರಿ’ ಎಂದು ಲೋಟ ಕೊಡುತ್ತಾರೆ. ಬೆಂಗಳೂರು, ಮೈಸೂರಿನವರಿಗೆ ಇದು ಸೋಜಿಗ. ಅಲ್ಲಿ ಬೇವು-ಬೆಲ್ಲವೆಂದರೆ ಬಾಯಿಗೆ ಹಾಕಿಕೊಳ್ಳುವ ಒಂದು ಚೂರು. ಇಲ್ಲಿ ಗಡಿಗೆ ತುಂಬ ಪಾನಕ. ಹೊಸ ಮಣ್ಣಿನ ಗಡಿಗೆಯಲ್ಲಿ ಹುಣಸೆಹಣ್ಣು ಕಿವುಚಿ ಸೋಸಿದ ನೀರಿಗೆ ಬೆಲ್ಲ ಕರಗಿಸುತ್ತಾರೆ. ಮೇಲೆ ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಕೊಬ್ಬರಿ. ಅನುಕೂಲವಿದ್ದವರು ಗೋಡಂಬಿ, ದ್ರಾಕ್ಷಿಯನ್ನೂ ಹಾಕುತ್ತಾರೆ. ಕೊನೆಗೆ ಒಂದಿಷ್ಟು ಬೇವಿನ ಹೂ. ಹೆಸರು ಬೇವಿನದು, ಕೆಲಸವೆಲ್ಲ ಹುಣಸೆಯದು.

ಹುಣಸೆ ಮಾಗುವುದು ಮಾಘ, ಫಾಲ್ಗುಣದಲ್ಲಿ. ಹಣ್ಣು ಬಡಿದು, ಸಿಪ್ಪೆ, ನಾರು, ಬೀಜ ಬಿಡಿಸಿ, ಉಪ್ಪು ಬೆರೆಸಿ ಎತ್ತಿಡುವ ಹೊತ್ತಿಗೆ ಬೀದರ್ ಜಿಲ್ಲೆಯ ಬಿಸಿಲು 40 ಡಿಗ್ರಿಯತ್ತ ಏರುತ್ತಿರುತ್ತದೆ. ಈ ಹಣ್ಣಿನಲ್ಲಿ ಎಸೆಯುವಂಥದ್ದು ಕಡಿಮೆ. ಬೀಜ ಮಕ್ಕಳ ಚೌಕಾಬಾರಕ್ಕೆ. ಬೀಜದ ಹಿಟ್ಟಿನ ಗಂಜಿ ನೇಕಾರರ ನೂಲಿಗೆ. ಹಿಂಡಿ ಉಳಿದದ್ದು ತಾಮ್ರ, ಹಿತ್ತಾಳೆ ಪಾತ್ರೆ ತಿಕ್ಕಲು. ಮಲಬದ್ಧತೆಗೂ ಹಿರಿಯರು ಇದರ ನೀರನ್ನೇ ಕೊಡುತ್ತಿದ್ದರು.

ಪಾತ್ರೆಯ ಕಿಲುಬು ಬಿಡಿಸುವುದೂ ಬಾಯಲ್ಲಿ ನೀರೂರಿಸುವುದೂ ಒಂದೇ ವಸ್ತು, ಟಾರ್ಟಾರಿಕ್ ಆಮ್ಲ. ಮಾವು ಮಾಗಿದಂತೆ ಹುಳಿ ಬಿಡುತ್ತದೆ. ಹುಣಸೆ ಹಾಗಲ್ಲ, ಆಮ್ಲ ಹಾಗೇ ಉಳಿದು, ಅದರ ಜೊತೆಗೇ ಸಕ್ಕರೆ ಏರುತ್ತದೆ.

ಹುಳಿ ಇದೆಯೆಂದು ಸಿ ಜೀವಸತ್ವ ಹೇರಳ ಎಂದುಕೊಳ್ಳಬೇಡಿ. 100 ಗ್ರಾಂ ತಿರುಳಿನಲ್ಲಿ ಅದು ಮೂರು-ನಾಲ್ಕು ಮಿಲಿಗ್ರಾಂ ಮಾತ್ರ. ಪೊಟ್ಯಾಸಿಯಂ 600 ಮಿಲಿಗ್ರಾಂ ಮೀರುತ್ತದೆ, ಮೆಗ್ನೀಸಿಯಂ 90ರ ಆಸುಪಾಸು. ಆದರೆ ಲೋಟಕ್ಕೆ ಬೀಳುವ ಹುಣಸೆ ಐದಾರು ಗ್ರಾಂ. ಹಾಗಾಗಿ ಪಾನಕವನ್ನು ಔಷಧಿ ಎನ್ನಲಾಗದು. ಇದರ ಉಪಕಾರ ಬೇರೆಯೇ: ಬಿಸಿಲಿಗೆ ಬಾಯಿರುಚಿ ಕೆಟ್ಟು ಬರೀ ನೀರು ಸೇರದವರೂ ಇದನ್ನು ಎರಡು ಲೋಟ ಕುಡಿಯುತ್ತಾರೆ. ಚಿಟಿಕೆ ಉಪ್ಪು ಬಿದ್ದರೆ ಬೆವರಿನಲ್ಲಿ ಹೋದದ್ದು ಒಂದಿಷ್ಟು ತುಂಬಿಬರುತ್ತದೆ.

ಪಾನಕದ ರುಚಿ ಈ ನೆಲಕ್ಕೆ ಹೊಸದಲ್ಲ. ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ 12ನೆಯ ಶತಮಾನದಲ್ಲಿ, ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಅರಸನ ಭೋಗಗಳ ಸಾಲಿನಲ್ಲಿ ಪಾನೀಯಭೋಗಕ್ಕೂ ಜಾಗ ಕೊಟ್ಟಿತು. ಈ ನೆಲದಲ್ಲಷ್ಟೇ ಅಲ್ಲ, ಆಫ್ರಿಕಾ ಮೂಲದ ಹುಣಸೆ ಮರ ದೂರದೂರಕ್ಕೂ ಹಬ್ಬಿದೆ. ಈಜಿಪ್ಟಿನಲ್ಲಿ ರಂಜಾನ್ ಸಂಜೆಗೆ ಹುಣಸೆಯ ಶರಬತ್ತು ಬೇಕು. ಮೆಕ್ಸಿಕೊದ ಬೀದಿಗಳಲ್ಲೂ ಅದು ಸಿಗುತ್ತದೆ.

ಮನೆಯಲ್ಲಿ ಮಾಡುವುದಾದರೆ ನಿಂಬೆಹಣ್ಣಿನ ಗಾತ್ರದ ಹುಣಸೆಗೆ ಒಂದು ಲೀಟರ್ ನೀರು ಸಾಕು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ಬೇಡ. ಹುಳಿಗೆ ಲೋಹ ಕರಗುತ್ತದೆ. ಸಕ್ಕರೆ ಕಾಯಿಲೆಯವರು ಬೆಲ್ಲದ ಬದಲು ಉಪ್ಪು, ಜೀರಿಗೆ ಹಾಕಿಕೊಳ್ಳಲಿ. ಕುಡಿದ ಮೇಲೆ ಬಾಯಿ ಮುಕ್ಕಳಿಸಿದರೆ ಹಲ್ಲಿಗೆ ಕ್ಷೇಮ. ಮಾಡಿದ್ದನ್ನು ಅಂದೇ ಮುಗಿಸಿ. ಬೇಸಿಗೆಯಲ್ಲಿ ಬೆಲ್ಲದ ನೀರು ಬೇಗ ಹುದುಗು ಬರುತ್ತದೆ.