‘ಆ ನೀಲಿ ಪೆಟ್ರೋಲ್ ಎಲ್ಲಿಗೆ ಹೋಗುತ್ತೆ ಸರ್?’

ನಾನು ವಿಮಾನ ಹಾರಿಸೋದನ್ನ ಕಲಿಸುವ ಮೇಷ್ಟ್ರು, ಅಂದ್ರೆ ಫ್ಲೈಟ್ ಇನ್‌ಸ್ಟ್ರಕ್ಟರ್. ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಿಮಗೆ ಇವತ್ತು ಒಂದು ಸಣ್ಣ ವಿಷಯ ಹೇಳ್ತೀನಿ. ಅಂಗೈಯಲ್ಲಿ ಹಿಡಿಯೋ ಒಂದು ಕಪ್‌ನಷ್ಟು ಸಣ್ಣದು.

ಸೆಸ್ನಾದಂಥ ತರಬೇತಿ ವಿಮಾನ ಹಾರೋ ಮುಂಚೆ, ರೆಕ್ಕೆಯೊಳಗಿನ ಟ್ಯಾಂಕಿನಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಕಪ್‌ಗೆ ಇಳಿಸಿ ನೋಡ್ತೀವಿ. ನೀರು ಸೇರಿದ್ಯಾ, ಕಸ ಇದ್ಯಾ, ಬಣ್ಣ ಸರಿಯಿದ್ಯಾ ಅಂತ. ನೀರು ಸೇರಿದ್ರೆ ಮೇಲೆ ಹೋದಾಗ ಎಂಜಿನ್ ನಿಂತುಬಿಡಬಹುದು. ಹಾಗಾಗಿ ಈ ಪರೀಕ್ಷೆ ಬಿಡೋ ಹಾಗೇ ಇಲ್ಲ. ಆದ್ರೆ ನೋಡಿ ಆದ ಮೇಲೆ? ಕಪ್‌ನಲ್ಲಿದ್ದದ್ದನ್ನ ನೆಲಕ್ಕೆ ಚೆಲ್ಲೋದು. ನನಗೆ ಕಲಿಸಿದವರು ಹಾಗೇ ಮಾಡ್ತಿದ್ರು. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ.

ಒಂದಿನ ಹಾವೇರಿ ಕಡೆಯ ಹುಡುಗಿಯೊಬ್ಬಳು, ನನ್ನ ವಿದ್ಯಾರ್ಥಿನಿ, ಕೇಳಿದಳು: ‘ಆ ನೀಲಿ ಪೆಟ್ರೋಲ್ ಎಲ್ಲಿಗೆ ಹೋಗುತ್ತೆ ಸರ್?’

‘ಆವಿಯಾಗುತ್ತೆ ಕಣಮ್ಮ, ಹತ್ತು ನಿಮಿಷದಲ್ಲಿ ಒಣಗುತ್ತೆ’ ಅಂದೆ.

‘ಪೆಟ್ರೋಲ್ ಒಣಗುತ್ತೆ ಸರ್. ಅದರಲ್ಲಿರೋ ಸೀಸ? ನಮ್ಮ ಹೊಲದಲ್ಲಿ ಔಷಧಿ ಹೊಡೆದ ಕ್ಯಾನನ್ನ ಬಾವಿ ಹತ್ರ ತೊಳೆದ್ರೆ ಅಪ್ಪ ಬಿಡಲ್ಲ, ಬೈತಾರೆ.’

ನನ್ನ ಹತ್ರ ಉತ್ತರ ಇರಲಿಲ್ಲ.

ವಿಷಯ ಏನಂದ್ರೆ, ಪಿಸ್ಟನ್ ಎಂಜಿನ್‌ನ ಸಣ್ಣ ವಿಮಾನಗಳು ಹೆಚ್ಚಾಗಿ ಬಳಸೋದು ಏವ್‌ಗ್ಯಾಸ್ 100 ಎಲ್‌ಎಲ್ ಅನ್ನೋ ಇಂಧನ. ಎಂಜಿನ್ ಒಳಗೆ ಅದು ಹೊತ್ತಲ್ಲದ ಹೊತ್ತಲ್ಲಿ ಸಿಡಿಯದಿರಲಿ ಅಂತ ಸೀಸದ ಸಂಯುಕ್ತ ಬೆರೆಸ್ತಾರೆ. ನಮ್ಮ ದೇಶದಲ್ಲಿ ಬೈಕು, ಕಾರುಗಳ ಪೆಟ್ರೋಲಿನಿಂದ ಸೀಸ ತೆಗೆದದ್ದು 2000ದಲ್ಲಿ. ಈ ಇಂಧನದಲ್ಲಿ ಇನ್ನೂ ಇದೆ. ಸೀಸಕ್ಕೆ ಸುರಕ್ಷಿತ ಪ್ರಮಾಣ ಅಂತ ಯಾವುದೂ ಗೊತ್ತಾಗಿಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚು ತೊಂದರೆ ಮಕ್ಕಳ ಮೆದುಳಿಗೆ.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ನಮ್ಮಲ್ಲಿ 200 ಗಂಟೆ ಹಾರಾಟ ಬೇಕು. ಗಂಟೆಗೆ ಸುಮಾರು 30 ಲೀಟರ್ ಅಂದ್ರೂ 6,000 ಲೀಟರ್. ಲೀಟರಿಗೆ ಹತ್ತಿರಹತ್ತಿರ 2.2 ಕೆಜಿ ಇಂಗಾಲದ ಡೈ ಆಕ್ಸೈಡ್, ಅಂದ್ರೆ ಒಬ್ಬ ಪೈಲಟ್‌ಗೆ 13 ಟನ್. ಸೀಸ ಲೀಟರಿಗೆ ಗರಿಷ್ಠ 0.56 ಗ್ರಾಂ ಇರಬಹುದು. ಆ ಲೆಕ್ಕದಲ್ಲಿ ಮೂರು ಕೆಜಿಗೂ ಮೇಲೆ. ಏರೋಡ್ರೋಮ್ ಬೇಲಿಯಾಚೆ ಮನೆಗಳಿವೆ, ಕ್ರಿಕೆಟ್ ಆಡೋ ಹುಡುಗರಿದ್ದಾರೆ.

ಮರುದಿನ ಮೊದಲು ಮಾಡಿದ ಕೆಲಸ, ಮುಚ್ಚಳ ಇರೋ ಒಂದು ಲೋಹದ ಡಬ್ಬ ತಂದಿಟ್ಟದ್ದು. ನೋಡಿದ ಇಂಧನವನ್ನು ಅದಕ್ಕೇ ಹಾಕಬೇಕು. ಎರಡನೇದು, ಚೆಕ್‌ಲಿಸ್ಟ್‌ನಲ್ಲಿ ಎಂಜಿನ್ ಶುರುಮಾಡದೆ ಓದಬಹುದಾದ್ದನ್ನೆಲ್ಲ ಮೊದಲೇ ಓದಿ ಮುಗಿಸೋದು. ಮೂರನೇದು, ಮಿಕ್ಸ್‌ಚರ್. ಮೇಲಕ್ಕೆ ಹೋದಂತೆ ಗಾಳಿ ತೆಳುವಾಗುತ್ತೆ, ಅದಕ್ಕೆ ತಕ್ಕಂತೆ ಇಂಧನವನ್ನೂ ಕಡಿಮೆ ಮಾಡಬೇಕು. ಇದು ವಿಮಾನದ ಕೈಪಿಡಿಯಲ್ಲೇ ಇದೆ. ‘ಫುಲ್ ಬಿಟ್ಟರೆ ತಲೆನೋವಿಲ್ಲ’ ಅಂತ ಬಹಳ ಜನ ಕಲಿಸೋದೇ ಇಲ್ಲ. ಸರಿಯಾಗಿ ಮಾಡಿದ್ರೆ ಇಂಧನ ಉಳಿಯುತ್ತೆ, ಸ್ಪಾರ್ಕ್ ಪ್ಲಗ್‌ಗೆ ಸೀಸ ಕಟ್ಟಿಕೊಳ್ಳೋದೂ ಕಡಿಮೆ.

ಸಹೋದ್ಯೋಗಿಯೊಬ್ಬರು ನಕ್ಕರು. ‘ಇದು ಪರೀಕ್ಷೆಯಲ್ಲಿ ಬರುತ್ತೇನ್ರೀ? ಪಾಪ ಮಕ್ಕಳು ಸಾಲ ಮಾಡಿ ಬಂದಿದ್ದಾರೆ, ಲೈಸೆನ್ಸ್ ಕೊಡಿಸಿ ಕಳಿಸಿ.’ ಮಾತು ಸುಳ್ಳಲ್ಲ. ಜಮೀನು ಅಡವಿಟ್ಟು ಮಕ್ಕಳನ್ನ ಕಳಿಸಿದ ಅಪ್ಪಂದಿರನ್ನ ನಾನೂ ನೋಡಿದ್ದೀನಿ. ಆದ್ರೆ ವ್ಯರ್ಥವಾಗಿ ಉರಿಯೋ ಇಂಧನದ ದುಡ್ಡೂ ಕೊನೆಗೆ ಶುಲ್ಕದ ರೂಪದಲ್ಲಿ ಅವರ ಜೇಬಿಂದಲೇ ಹೋಗೋದು ಅಲ್ವಾ?

ಇಲ್ಲಿ ನನ್ನ ಕಡೆಯಿಂದ ಒಂದು ತಪ್ಪಾಯ್ತು, ಅದನ್ನೂ ಹೇಳಿಬಿಡ್ತೀನಿ. ಇಂಧನ ಉಳಿಸಿದವರ ಹೆಸರನ್ನ ಬೋರ್ಡ್ ಮೇಲೆ ಬರೆಯೋಕೆ ಶುರುಮಾಡಿದೆ. ಒಂದೇ ವಾರ. ಹುಡುಗನೊಬ್ಬ ದೂರದ ಹಾರಾಟದ ಪ್ಲ್ಯಾನ್ ತಂದ. ಮೀಸಲು ಇಂಧನವನ್ನೇ ಕತ್ತರಿಸಿದ್ದ! ‘ಭಾರ ಕಡಿಮೆಯಾಗುತ್ತೆ, ಪರಿಸರಕ್ಕೆ ಒಳ್ಳೇದಲ್ವಾ ಸರ್?’ ಅಂದ. ನನ್ನ ಎದೆ ಧಸಕ್ ಅಂತು. ಮಳೆ ಮೋಡ ಅಡ್ಡ ಬಂದ್ರೆ ತಿರುಗಿ ಬರೋಕೆ ಇರೋದೇ ಆ ಇಂಧನ. ಬೋರ್ಡ್ ಅವತ್ತೇ ಅಳಿಸಿದೆ. ಆಮೇಲಿಂದ ಮೊದಲ ಪಾಠ ಇದು: ಮೀಸಲು ಮುಟ್ಟಬಾರದು. ಉಳಿತಾಯ ಏನಿದ್ರೂ ವ್ಯರ್ಥವಾಗೋದರಲ್ಲಿ ಮಾತ್ರ.

‘ಒಂದು ಡಬ್ಬ ಇಟ್ಟರೆ ಭೂಮಿ ಉಳಿಯುತ್ತಾ?’ ಅಂತ ನೀವು ಕೇಳಬಹುದು. ಇಲ್ಲ. ಆದ್ರೆ ನೋಡಿ, 2050ರ ಹೊತ್ತಿಗೆ ಅಂತಾರಾಷ್ಟ್ರೀಯ ವಿಮಾನಯಾನದ ಇಂಗಾಲವನ್ನು ನಿವ್ವಳ ಶೂನ್ಯಕ್ಕೆ ತರೋ ಗುರಿಯನ್ನ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸದಸ್ಯ ದೇಶಗಳು 2022ರಲ್ಲಿ ಒಪ್ಪಿವೆ. ಭಾರತ ಅಂತಾರಾಷ್ಟ್ರೀಯ ಹಾರಾಟಗಳಿಗೆ 2027ರಲ್ಲಿ ಶೇ 1, 2028ರಲ್ಲಿ ಶೇ 2ರಷ್ಟು ಸುಸ್ಥಿರ ಇಂಧನ ಬೆರೆಸೋ ಗುರಿ ಇಟ್ಟಿದೆ. 2050ರಲ್ಲಿ ಕ್ಯಾಪ್ಟನ್ ಆಗಿರೋರು ಈಗ ತರಬೇತಿಯಲ್ಲಿರೋ ಇಪ್ಪತ್ತರ ಹುಡುಗ ಹುಡುಗಿಯರೇ. ಇಳಿದ ಮೇಲೆ ಒಂದೇ ಎಂಜಿನ್‌ನಲ್ಲಿ ಟ್ಯಾಕ್ಸಿ ಮಾಡೋದು, ಎಂಜಿನ್ ಶಕ್ತಿ ತಗ್ಗಿಸಿ ನಿರಂತರವಾಗಿ ಕೆಳಗಿಳಿಯೋದು ನಾಳೆ ಅವರ ಕೈಲಿರುತ್ತೆ. ಆ ಅಭ್ಯಾಸ ಮೊದಲ ಹತ್ತು ಗಂಟೆಯಲ್ಲೇ ಕೂರಬೇಕು.

ವಿಮಾನಗಳೂ ಬದಲಾಗ್ತಿವೆ. ಯುರೋಪಿನಲ್ಲಿ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೋ ಅನ್ನೋ ಬ್ಯಾಟರಿ ವಿಮಾನಕ್ಕೆ 2020ರಲ್ಲೇ ಮಾನ್ಯತೆ ಸಿಕ್ಕಿದೆ. ಒಮ್ಮೆ ಚಾರ್ಜ್ ಮಾಡಿದ್ರೆ ಹಾರೋದು ಒಂದು ಗಂಟೆಯೊಳಗೇ. ಟೇಕಾಫ್, ಲ್ಯಾಂಡಿಂಗ್ ಅಭ್ಯಾಸಕ್ಕೆ ಸಾಕು, ದೂರದ ಹಾರಾಟಕ್ಕೆ ಸಾಲದು. ನಮ್ಮ ಬೆಂಗಳೂರಿನ ಎನ್‌ಎಎಲ್‌ನ ಹಂಸ-ಎನ್‌ಜಿ 2021ರಲ್ಲಿ ಮೊದಲ ಬಾರಿ ಹಾರಿತು. ಅದರ ರೋಟ್ಯಾಕ್ಸ್ ಎಂಜಿನ್ ಸೀಸವಿಲ್ಲದ ಪೆಟ್ರೋಲ್‌ನಲ್ಲೂ ಓಡುವಂಥದ್ದು.

ಆ ಹಾವೇರಿ ಹುಡುಗಿಗೆ ಈಗ ಲೈಸೆನ್ಸ್ ಸಿಕ್ಕಿದೆ. ಕೊನೇ ದಿನ ಹೊಸಬನೊಬ್ಬ ಅಭ್ಯಾಸಬಲದಿಂದ ಕಪ್ ಬಗ್ಗಿಸೋಕೆ ಹೋದ. ನಾನು ಬಾಯಿ ತೆರೆಯೋ ಮುಂಚೆ ಅವಳೇ ಕೂಗಿದಳು: ‘ಏಯ್, ಡಬ್ಬ ಅಲ್ಲಿದೆ ನೋಡೋ!’

ನೀವು ಕಲಿಯೋ ಕೆಲಸದಲ್ಲೂ ಹೀಗೆ ಯಾರೂ ಪ್ರಶ್ನೆ ಕೇಳದ ಒಂದು ಕಪ್ ಇರಬಹುದು. ಕೇಳಿ ನೋಡಿ. ನಿಮ್ಮ ಮೇಷ್ಟ್ರಿಗೂ ಉತ್ತರ ಗೊತ್ತಿಲ್ಲದೇ ಇರಬಹುದು.