ಒಂಟಿ ಪಯಣ: ಕಾನೂನು ಯಾವುದು, ಕಟ್ಟಳೆ ಯಾವುದು, ಭಯ ಯಾವುದು?

(ಕಾಲೇಜು ವಿದ್ಯಾರ್ಥಿನಿಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಹೆಣ್ಣುಮಗಳೊಬ್ಬಳು ಸೌದಿ ಅರೇಬಿಯಾಕ್ಕೆ ಹೊರಟಿದ್ದಾಳೆ ಎಂದರೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, ‘ಜೊತೆಗೆ ಯಾರಿದ್ದಾರೆ?’ ಎಂಬುದು. ಅದರಲ್ಲಿ ಅಕ್ಕರೆಯೂ ಇದೆ, ಅಂಜಿಕೆಯೂ ಇದೆ. ಆದರೆ ನಮ್ಮ ಕರಾವಳಿಯಿಂದ, ಕೇರಳದಿಂದ ಹೋದ ಎಷ್ಟೋ ನರ್ಸ್‌ಗಳು ದಶಕಗಳಿಂದ ಆ ದೇಶದ ಆಸ್ಪತ್ರೆಗಳಲ್ಲಿ ದುಡಿಯುತ್ತಾ ಬಂದಿದ್ದಾರೆ. 2018ರಿಂದ ಈಚೆಗೆ 45 ವರ್ಷ ದಾಟಿದ ಭಾರತೀಯ ಮುಸ್ಲಿಂ ಮಹಿಳೆಯರು ಪುರುಷ ಸಂಬಂಧಿಯ ಜೊತೆಯಿಲ್ಲದೆ, ತಮ್ಮತಮ್ಮಲ್ಲೇ ಗುಂಪು ಕಟ್ಟಿಕೊಂಡು ಹಜ್ ಯಾತ್ರೆಗೆ ಹೋಗುತ್ತಿದ್ದಾರೆ. ಮೊದಲ ವರ್ಷವೇ ಹೀಗೆ ಹೋದವರು ಸಾವಿರಕ್ಕೂ ಹೆಚ್ಚು.

ಸಂಪ್ರದಾಯನಿಷ್ಠ ದೇಶಕ್ಕೆ ಹೊರಡುವವಳು ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು: ಅಲ್ಲಿನ ಕಾನೂನು, ಅಲ್ಲಿನ ಕಟ್ಟಳೆ ಮತ್ತು ನಮ್ಮೊಳಗಿನ ಭಯ. ಈ ಮೂರೂ ಕಲಸಿಕೊಂಡಾಗಲೇ ಕಾಲು ಹಿಂದೇಟು ಹಾಕುವುದು.

ಮೊದಲು ಕಾನೂನು. 1990ರ ನವೆಂಬರ್ 6ರಂದು ರಿಯಾದ್ ನಗರದಲ್ಲಿ 47 ಮಹಿಳೆಯರು ತಾವೇ ಕಾರು ಓಡಿಸಿ ನಿಷೇಧವನ್ನು ಪ್ರತಿಭಟಿಸಿದರು. ಅವರಲ್ಲಿ ಹಲವರು ನೌಕರಿ ಕಳೆದುಕೊಂಡರು. ಅವರ ಪಾಸ್‌ಪೋರ್ಟ್‌ಗಳನ್ನೂ ಕಿತ್ತುಕೊಳ್ಳಲಾಯಿತು. ಆ ನಿಷೇಧ ಹೋದದ್ದು 2018ರ ಜೂನ್‌ನಲ್ಲಿ. ಅದಕ್ಕೂ ಒಂದು ತಿಂಗಳ ಮೊದಲು, ಅದೇ ಹಕ್ಕಿಗಾಗಿ ದನಿಯೆತ್ತಿದ್ದ ಲುಜೈನ್ ಅಲ್ ಹಥ್‌ಲೂಲ್ ಮೊದಲಾದವರನ್ನು ಬಂಧಿಸಲಾಗಿತ್ತು. ಆಕೆ ಸೆರೆಮನೆಯಿಂದ ಹೊರಬಂದದ್ದು 2021ರಲ್ಲಿ. 2019ರಲ್ಲಿ ಪ್ರವಾಸಿ ವೀಸಾ ಬಂತು. ಒಂಟಿ ಮಹಿಳೆ ಗುರುತಿನ ಚೀಟಿ ತೋರಿಸಿ ಹೋಟೆಲ್ ಕೋಣೆ ಪಡೆಯಲು ಅನುಮತಿಯೂ ಸಿಕ್ಕಿತು. ಇಂದು ನಾವು ಸಲೀಸಾಗಿ ನಡೆಯುವ ದಾರಿಯ ಹಿಂದೆ ಆ ನೆಲದ ಹೆಣ್ಣುಮಕ್ಕಳ ಪಾಡು ಇದೆ ಎಂಬುದನ್ನು ಮರೆಯಬಾರದು.

ಉಳಿದಿರುವ ಕಾನೂನುಗಳೂ ಕಡಿಮೆಯಲ್ಲ. ಮುಸ್ಲಿಮೇತರರಿಗೆ ಮಕ್ಕಾ ನಗರಕ್ಕೆ ಪ್ರವೇಶವಿಲ್ಲ. ಅಪರಿಚಿತರ ಫೋಟೊವನ್ನು ಕೇಳದೆ ತೆಗೆಯುವುದು ದಂಡಾರ್ಹ. ಆಳುವವರನ್ನೋ ಧರ್ಮವನ್ನೋ ಟೀಕಿಸಿ ಮೊಬೈಲ್‌ನಲ್ಲಿ ಬರೆದ ನಾಲ್ಕು ಸಾಲು ಸೆರೆಮನೆಗೆ ಒಯ್ಯಬಲ್ಲದು. ನಮ್ಮ ಅಡುಗೆಮನೆಗೂ ಸಂಬಂಧಿಸಿದ ಒಂದು ವಿಷಯ: ಪಾಯಸಕ್ಕೆಂದು ಅಮ್ಮ ಕಟ್ಟಿಕೊಡುವ ಗಸಗಸೆ ಅಲ್ಲಿ ನಿಷಿದ್ಧ ಮಾದಕವಸ್ತುಗಳ ಸಾಲಿಗೆ ಸೇರಿದೆ. ವೈದ್ಯರ ಚೀಟಿಯಿಲ್ಲದೆ ಮಾತ್ರೆಗಳನ್ನು ಒಯ್ಯುವುದೂ ಜಾಣತನವಲ್ಲ.

ಇನ್ನು ಕಟ್ಟಳೆ. ಮೈಮುಚ್ಚುವ ನಿಲುವಂಗಿ ‘ಅಬಾಯಾ’ ವಿದೇಶಿ ಪ್ರವಾಸಿ ಮಹಿಳೆಯರಿಗೆ ಕಡ್ಡಾಯವಲ್ಲ ಎಂದು 2019ರಲ್ಲೇ ಸರ್ಕಾರ ಹೇಳಿದೆ. ಆದರೂ ಭುಜ, ಮೊಣಕಾಲು ಮುಚ್ಚುವ ಸಡಿಲ ಉಡುಪು ಇರಲೇಬೇಕು. ನಮ್ಮ ಸಲ್ವಾರ್ ಕಮೀಜ್, ಮೇಲೊಂದು ದುಪಟ್ಟಾ ಇದ್ದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ದುಪಟ್ಟಾ ಮಸೀದಿಯಲ್ಲಿ ತಲೆಗೂ ಆಯಿತು, ಬಿಸಿಲಿಗೂ ಆಯಿತು. ಪರಪುರುಷರ ಕೈ ಕುಲುಕುವ ಬದಲು ಎದೆಯ ಮೇಲೆ ಕೈಯಿಟ್ಟು ವಂದಿಸಿದರೆ ಸಾಕು. ನಮಸ್ಕಾರ ಮಾಡಿ ಬೆಳೆದ ನಮಗೆ ಅದೇನೂ ಕಷ್ಟವಲ್ಲ.

ಎಲ್ಲಕ್ಕಿಂತ ಮುಖ್ಯ, ಹೆಂಗಸರಿರುವ ಕಡೆಗೆ ಹೋಗಿ. ರಿಯಾದ್ ಮೆಟ್ರೊದಲ್ಲಿ ಕುಟುಂಬಗಳಿಗೆ ಮತ್ತು ಮಹಿಳೆಯರಿಗೆ ಪ್ರತ್ಯೇಕ ವಿಭಾಗವಿದೆ. ದಾರಿ ಕೇಳಬೇಕಾದರೆ ಮಕ್ಕಳೊಂದಿಗೆ ಇರುವ ತಾಯಿಯನ್ನು ಕೇಳಿ. 1930ರ ದಶಕದಲ್ಲಿ ಇರಾನಿನ ಬೆಟ್ಟಗಾಡು, ಅರೇಬಿಯದ ದಕ್ಷಿಣ ಭಾಗಗಳನ್ನು ಸುತ್ತಿದ ಬ್ರಿಟಿಷ್ ಲೇಖಕಿ ಫ್ರೇಯಾ ಸ್ಟಾರ್ಕ್ ಮೊದಲು ಅರಬ್ಬಿ, ಪಾರಸಿ ಭಾಷೆಗಳನ್ನು ಕಲಿತಿದ್ದರು. ಗಂಡು ಪ್ರವಾಸಿಗಳಿಗೆ ತೆರೆಯದ ಅಂತಃಪುರದ ಬಾಗಿಲು ಅವರಿಗೆ ತೆರೆಯುತ್ತಿತ್ತು. ಹೆಣ್ಣಾಗಿರುವುದು ಅಡ್ಡಿ ಎಂದು ಜನ ಹೇಳಿದ ಕಡೆ ಅದೇ ಅವರಿಗೆ ಅನುಕೂಲವಾಯಿತು. ಹತ್ತು ಅರಬ್ಬಿ ಮಾತು ಕಲಿತು ಹೋಗುವುದು ನಮ್ಮಿಂದಲೂ ಆದೀತು. ಬೇಡ ಎನ್ನಲು ‘ಲಾ’ ಎಂಬ ಒಂದಕ್ಷರ ಸಾಕು; ಅದನ್ನು ಗಟ್ಟಿಯಾಗಿ, ನಗದೆ ಹೇಳಬೇಕು.

ಕಿರುಕುಳವಾದರೆ? ಸೌದಿಯಲ್ಲಿ 2018ರಲ್ಲಿ ಕಿರುಕುಳ ವಿರೋಧಿ ಕಾನೂನು ಬಂದಿದೆ. ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರಿಯಾಲ್‌ವರೆಗೆ ದಂಡ. ಹಾಗೆಂದು ದೂರು ಕೊಡುವುದು ಎಲ್ಲೆಡೆ ಸರಳವಲ್ಲ. 2013ರಲ್ಲಿ ದುಬೈಯಲ್ಲಿ ಅತ್ಯಾಚಾರದ ದೂರು ಕೊಟ್ಟ ನಾರ್ವೆಯ ಮಹಿಳೆಗೇ, ವಿವಾಹಬಾಹಿರ ಸಂಬಂಧ ಮೊದಲಾದ ಆರೋಪಗಳ ಮೇಲೆ 16 ತಿಂಗಳ ಸಜೆಯಾಯಿತು. ಜಗತ್ತೆಲ್ಲ ಗದ್ದಲವೆದ್ದ ಮೇಲೆ ಕ್ಷಮಾದಾನ ಸಿಕ್ಕಿತು. ಆದ್ದರಿಂದ ದೊಡ್ಡ ಪ್ರಕರಣವಾದರೆ ಮೊದಲು ಭಾರತೀಯ ರಾಯಭಾರ ಕಚೇರಿಗೆ ಫೋನ್ ಮಾಡಿ. ಠಾಣೆಗೆ ಒಬ್ಬರೇ ಹೋಗಬೇಡಿ. ಆ ಸಂಖ್ಯೆ ಮೊಬೈಲ್‌ನಲ್ಲೂ ಇರಲಿ, ಚೀಟಿಯಲ್ಲೂ ಇರಲಿ. ಪಾಸ್‌ಪೋರ್ಟಿನ ಪ್ರತಿ ಮನೆಯಲ್ಲಿರಲಿ, ದಿನದ ವಿಳಾಸ ಒಬ್ಬರಿಗಾದರೂ ಗೊತ್ತಿರಲಿ.

ಕಾನೂನನ್ನು ಓದಿ ತಿಳಿಯಬಹುದು, ಕಟ್ಟಳೆಯನ್ನು ನೋಡಿ ಕಲಿಯಬಹುದು. ಇವೆರಡೂ ಗೊತ್ತಾದ ಮೇಲೆ ಉಳಿಯುವ ಭಯ ಬಹಳ ಚಿಕ್ಕದು. ಅಷ್ಟು ಭಯ ಜೊತೆಗಿದ್ದರೆ ಒಳ್ಳೆಯದೇ, ಅದು ಎಚ್ಚರ ಹೇಳುತ್ತದೆ. ಆದರೆ ಒಂದು ಮಾತು ನೆನಪಿರಲಿ. ಎಚ್ಚರದಿಂದಿರುವುದು ನಮ್ಮ ಕೆಲಸ. ಕಿರುಕುಳವಾದರೆ ತಪ್ಪು ಮಾತ್ರ ಕೊಟ್ಟವನದು. ಉಟ್ಟ ಬಟ್ಟೆಯದಲ್ಲ, ಒಬ್ಬಳೇ ಹೊರಟ ಹೆಣ್ಣಿನದೂ ಅಲ್ಲ. ಇಷ್ಟನ್ನು ಮನೆಯವರೂ ಒಪ್ಪಿದರೆ ನಮ್ಮ ಹೆಣ್ಣುಮಕ್ಕಳ ಅರ್ಧ ಪ್ರಯಾಣ ಹೊಸಿಲಲ್ಲೇ ಮುಗಿದಂತೆ.